ನಲವತ್ತು, ಇಪ್ಪತ್ತು, ಹತ್ತು: ಕಾಶ್ಮೀರದ ಚಳಿಗಾಲದ ಲೆಕ್ಕ

ಶಿವರಾತ್ರಿ ಬಂತೆಂದರೆ ಚಳಿ ‘ಶಿವಶಿವಾ’ ಎಂದು ಹೊರಟುಹೋಗುತ್ತದೆ ಎಂಬುದು ನಮ್ಮ ಕಡೆಯ ಮಾತು. ನಮ್ಮ ಚಳಿಗಾಲಕ್ಕೆ ಇದಕ್ಕಿಂತ ಹೆಚ್ಚಿನ ಲೆಕ್ಕ ಬೇಕಾಗಿಲ್ಲ. ಧನುರ್ಮಾಸದ ಬೆಳಗಿಗೆ ಒಂದು ಕಂಬಳಿ, ಬಚ್ಚಲ ಒಲೆಯ ಮುಂದೆ ಹತ್ತು ನಿಮಿಷ, ಕೈಯಲ್ಲೊಂದು ಲೋಟ ಕಾಫಿ. ಇಷ್ಟಾದರೆ ನಮ್ಮ ಚಳಿ ಮುಗಿಯಿತು. ಆದರೆ ಕಾಶ್ಮೀರದ ಕಣಿವೆಯಲ್ಲಿ ಯಾರನ್ನಾದರೂ ‘ನಿಮ್ಮ ಚಳಿಗಾಲ ಎಷ್ಟು ದಿನ?’ ಎಂದು ಕೇಳಿದರೆ ಬೆರಳು ಮಡಿಸಿ ಉತ್ತರ ಹೇಳುತ್ತಾರೆ: ಮೊದಲು ನಲವತ್ತು, ಆಮೇಲೆ ಇಪ್ಪತ್ತು, ಕೊನೆಗೆ ಹತ್ತು. ಒಟ್ಟು ಎಪ್ಪತ್ತು ದಿನ.

ಈ ಮೂರು ಭಾಗಗಳಿಗೂ ಹೆಸರುಗಳಿವೆ. ಡಿಸೆಂಬರ್ 21ರಿಂದ ಜನವರಿಯ ಕೊನೆಯವರೆಗಿನ ನಲವತ್ತು ದಿನಗಳು ‘ಚಿಲ್ಲಾಯಿ ಕಲಾನ್’, ಅಂದರೆ ದೊಡ್ಡ ಚಿಲ್ಲಾ. ಅಲ್ಲಿಂದ ಫೆಬ್ರವರಿಯ ಮೂರನೇ ವಾರದವರೆಗೆ ‘ಚಿಲ್ಲಾಯಿ ಖುರ್ದ್’, ಚಿಕ್ಕ ಚಿಲ್ಲಾ. ಕಡೆಯ ಹತ್ತು ದಿನ ‘ಚಿಲ್ಲಾಯಿ ಬಚ್ಚಾ’, ಮರಿ ಚಿಲ್ಲಾ. ತಂದೆ, ಮಗ, ಮೊಮ್ಮಗ ಸಾಲಾಗಿ ಮನೆಗೆ ಬಂದು ಉಳಿದುಕೊಂಡು, ಒಬ್ಬರ ಹಿಂದೆ ಒಬ್ಬರು ಹೊರಟುಹೋಗುವ ನೆಂಟರಂತೆ ಜನ ಈ ದಿನಗಳ ಬಗ್ಗೆ ಮಾತಾಡುತ್ತಾರೆ. ಕರೆಯದೆ ಬರುವ, ಬೇಗ ಎದ್ದುಹೋಗದ ನೆಂಟರು.

ಚಿಲ್ಲಾ ಎಂಬುದು ಪಾರಸಿ ಮೂಲದ ಮಾತು. ಅದರಲ್ಲಿರುವುದು ನಲವತ್ತು ಎಂಬ ಅಂಕಿ. ಸೂಫಿ ಸಾಧಕರು ನಲವತ್ತು ದಿನ ಏಕಾಂತದಲ್ಲಿ ಕುಳಿತು ಮಾಡುವ ಸಾಧನೆಗೂ ಇದೇ ಹೆಸರು. ಇರಾನಿನಲ್ಲಿಯೂ ಚಳಿಗಾಲವನ್ನು ದೊಡ್ಡ ಚಿಲ್ಲಾ, ಚಿಕ್ಕ ಚಿಲ್ಲಾ ಎಂದು ವಿಂಗಡಿಸುವ ರೂಢಿಯಿದೆ. ವ್ರತಕ್ಕೂ ಔಷಧಕ್ಕೂ ‘ಒಂದು ಮಂಡಲ’ ಎಂದು ಅವಧಿ ಕಟ್ಟುವ ನಮಗೆ ಇದರ ಗುಟ್ಟು ತಿಳಿಯದ್ದೇನಲ್ಲ. ಕೊನೆ ಕಾಣದ ಕಷ್ಟಕ್ಕೆ ಒಂದು ಎಣಿಕೆ ಕೊಟ್ಟರೆ ಅದು ವ್ರತವಾಗುತ್ತದೆ. ಇನ್ನು ಹನ್ನೆರಡು ದಿನ, ಇನ್ನು ಹನ್ನೊಂದು ದಿನ ಎಂದು ಎಣಿಸುತ್ತ ಮನುಷ್ಯ ಅದನ್ನು ದಾಟುತ್ತಾನೆ.

ಹೆಸರು ಪಾರಸಿಯದಾದರೂ ಋತುಗಳ ಲೆಕ್ಕ ನಮ್ಮದೇ. ಕಾಶ್ಮೀರಿಗಳಿಗೂ ಋತುಗಳು ಆರು. ವಸಂತ ಅಲ್ಲಿ ‘ಸೋಂತ್’, ಶರದೃತು ‘ಹರುದ್’, ಹೇಮಂತ ‘ವಂದ್’, ಶಿಶಿರ ‘ಶಿಶುರ್’. ಶಕಾರ ಹಕಾರವಾಗುವುದು ಆ ಭಾಷೆಯ ಸ್ವಭಾವ. ಅವರು ದಿನವೂ ಉಣ್ಣುವ ‘ಹಾಖ್’ ಎಂಬ ಸೊಪ್ಪು ನಮ್ಮ ‘ಶಾಕ’ವೇ. ಚಳಿಯಲ್ಲಿ ಸೂರಿನಿಂದ ಇಳಿಬಿದ್ದು ಹೆಪ್ಪುಗಟ್ಟುವ ಮಂಜಿನ ಕೋಲುಗಳ ಹೆಸರಿನಲ್ಲಿಯೂ ಶಿಶಿರವೇ ಅಡಗಿದೆ, ಅವು ‘ಶಿಶರಗಾಂಠ್’.

ಎತ್ತರವೊಂದೇ ಕಾರಣವಲ್ಲ

ಶ್ರೀನಗರ ಬಹಳ ಎತ್ತರದಲ್ಲಿರುವುದರಿಂದ ಅಲ್ಲಿ ಅಷ್ಟು ಚಳಿ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ಶ್ರೀನಗರ ಸಮುದ್ರಮಟ್ಟದಿಂದ ಸುಮಾರು 1,585 ಮೀಟರ್ ಮೇಲಿದೆ. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಅದಕ್ಕಿಂತ ಮುನ್ನೂರು ಮೀಟರಿಗೂ ಹೆಚ್ಚು ಎತ್ತರ. ವ್ಯತ್ಯಾಸವಿರುವುದು ಭೂಪಟದಲ್ಲಿ. ಶ್ರೀನಗರವಿರುವುದು ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಚಳಿಗಾಲದ ಸೂರ್ಯ ಓರೆಯಾಗಿ ಬೀಳುತ್ತಾನೆ, ಹಗಲೂ ಚಿಕ್ಕದು. ಸುತ್ತಲಿನ ಬೆಟ್ಟಗಳಿಂದ ಇಳಿಯುವ ತಣ್ಣನೆಯ ಗಾಳಿ ಬಟ್ಟಲಿನಂಥ ಕಣಿವೆಯ ತಳದಲ್ಲಿ ನಿಂತುಬಿಡುತ್ತದೆ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ‘ಪಶ್ಚಿಮದ ಕ್ಷೋಭೆ’ ಎಂಬ ವಾಯುಪ್ರವಾಹ ಹಿಮ ತರುತ್ತದೆ.

ಹಿಮ ಬೀಳುವ ರಾತ್ರಿಗಿಂತ ಆಕಾಶ ತಿಳಿಯಾಗಿರುವ ರಾತ್ರಿಯೇ ಹೆಚ್ಚು ಕೊರೆಯುತ್ತದೆ ಎಂಬುದು ಹೊಸಬರಿಗೆ ವಿಚಿತ್ರವೆನಿಸಬಹುದು. ಮೋಡ ನೆಲದ ಕಾವಿಗೆ ಕಂಬಳಿಯಿದ್ದಂತೆ. ಅದು ಸರಿದರೆ ಕಾವೆಲ್ಲ ಆಕಾಶದ ಪಾಲು. 2024ರ ಡಿಸೆಂಬರ್ 21ರಂದು, ಚಿಲ್ಲಾಯಿ ಕಲಾನ್ ಹೊಸಿಲು ತುಳಿಯುವ ದಿನವೇ, ಶ್ರೀನಗರದ ಉಷ್ಣಾಂಶ ಸೊನ್ನೆಗಿಂತ 8.5 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಸುಮಾರು ಐವತ್ತು ವರ್ಷಗಳಲ್ಲಿ ಅಲ್ಲಿನ ಡಿಸೆಂಬರ್ ಅಷ್ಟು ತಣ್ಣಗಿನ ರಾತ್ರಿಯನ್ನು ಕಂಡಿರಲಿಲ್ಲ.

ಚಳಿಗಾಲ ಶುರುವಾಗುವುದು ಬಿಸಿಲಿನಲ್ಲಿ

ನಿಜ ಹೇಳಬೇಕೆಂದರೆ ಕಾಶ್ಮೀರದ ಗೃಹಿಣಿಗೆ ಚಳಿಗಾಲ ಶುರುವಾಗುವುದು ಡಿಸೆಂಬರಿನಲ್ಲಲ್ಲ, ಆಗಸ್ಟ್‌–ಸೆಪ್ಟೆಂಬರಿನ ಬಿಸಿಲಿನಲ್ಲಿ. ಬದನೆ, ಟೊಮ್ಯಾಟೊ, ಸೋರೆಕಾಯಿಗಳನ್ನು ಹೆಚ್ಚಿ, ದಾರಕ್ಕೆ ಪೋಣಿಸಿ, ಮಹಡಿಯ ಕಿಟಕಿಗೋ ಮಾಡಿನ ಅಂಚಿಗೋ ತೂಗುಹಾಕುತ್ತಾರೆ. ಟರ್ನಿಪ್ ಗೆಡ್ಡೆಯ ಬಿಲ್ಲೆಗಳು ಹಾರದಂತೆ ಒಣಗುತ್ತವೆ. ಮೀನನ್ನು ಬಿಸಿಲಿಗೆ ಹಾಕಿ ಇಲ್ಲವೆ ಹೊಗೆಯಲ್ಲಿ ಬೇಯಿಸಿ ಇಡುತ್ತಾರೆ. ಒಣಗಿಸಿದ ತರಕಾರಿಗೆಲ್ಲ ಒಟ್ಟಾಗಿ ‘ಹೊಖ್ ಸ್ಯುನ್’ ಎಂದು ಹೆಸರು. ಮೂಲಂಗಿ, ಟರ್ನಿಪ್, ಆಲೂಗಡ್ಡೆಗಳನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಾರೆ. ಮೇಲೆ ಹಿಮ ಬಿದ್ದರೂ ಮಣ್ಣಿನೊಳಗೆ ಅವು ಕೆಡುವುದಿಲ್ಲ. ಅಕ್ಟೋಬರ್‌–ನವೆಂಬರಿನಲ್ಲಿ ಚಿನಾರ್ ಮರಗಳು ಕೆಂಪಾಗಿ ಎಲೆ ಉದುರಿಸಿದಾಗ ಪ್ರವಾಸಿಗಳು ಚಿತ್ರ ತೆಗೆಯುತ್ತಾರೆ, ಊರಿನ ಹೆಂಗಸರು ಆ ಎಲೆಗಳನ್ನು ಗುಡಿಸಿ ಸುಟ್ಟು, ನೀರು ಚಿಮುಕಿಸಿ ಇದ್ದಿಲು ಮಾಡುತ್ತಾರೆ. ಅದು ಎಪ್ಪತ್ತು ದಿನಗಳ ಕಾವಿನ ಬಂಡವಾಳ.

ಮಲೆನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಟ್ಟದ ಮೇಲೆ ಒಣಸೌದೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಡಬ್ಬಿಗಳಲ್ಲಿ ಹಪ್ಪಳ ಸಂಡಿಗೆ, ಕರಾವಳಿಯ ಮನೆಗಳಲ್ಲಿ ಒಣಮೀನು. ಇವೆಲ್ಲ ಮೇ ತಿಂಗಳಲ್ಲೇ ಆಗಬೇಕು. ಆರಿದ್ರಾ ಮಳೆ ಹಿಡಿದ ಮೇಲೆ ಮಾಡುತ್ತೇನೆಂದರೆ ಆಗದು. ನಮ್ಮಲ್ಲಿ ಮಳೆ ಮಾಡಿಸುವ ಕೆಲಸವನ್ನು ಅಲ್ಲಿ ಹಿಮ ಮಾಡಿಸುತ್ತದೆ.

ಈ ಸಂಗ್ರಹಕ್ಕೆ ರುಚಿಯಷ್ಟೇ ಕಾರಣವಲ್ಲ, ದಾರಿಯೂ ಕಾರಣ. 1947ರವರೆಗೆ ಕಣಿವೆಗೆ ಚಳಿಗಾಲದಲ್ಲಿಯೂ ತೆರೆದಿರುತ್ತಿದ್ದ ಮುಖ್ಯ ದಾರಿ ಝೀಲಂ ನದಿಯ ಗುಂಟ ಬಾರಾಮುಲ್ಲಾ ಮೂಲಕ ರಾವಲ್ಪಿಂಡಿಗೆ ಹೋಗುತ್ತಿತ್ತು. ದೇಶ ವಿಭಜನೆಯೊಂದಿಗೆ ಅದು ಮುಚ್ಚಿತು. ಉಳಿದದ್ದು ಜಮ್ಮುವಿನಿಂದ ಬನಿಹಾಲ್ ಕಣಿವೆಮಾರ್ಗವನ್ನು ಹತ್ತಿ ಬರುವ ರಸ್ತೆ. ಹಿಮ ಬಿದ್ದರೆ ಅದೂ ಬಂದ್. 1956ರ ಡಿಸೆಂಬರಿನಲ್ಲಿ ಎರಡೂವರೆ ಕಿಲೋಮೀಟರಿಗೂ ಉದ್ದದ ಜವಾಹರ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಲಾರಿಗಳು ಬರತೊಡಗಿದವು. ಆದರೂ ರಾಂಬನ್ ಬಳಿ ಗುಡ್ಡ ಕುಸಿದರೆ ದಿನಗಟ್ಟಲೆ ಸಂಚಾರ ನಿಲ್ಲುವುದು ತಪ್ಪಲಿಲ್ಲ. ಆಗ ಪೇಟೆಯಲ್ಲಿ ತರಕಾರಿಯ ಬೆಲೆ ಏರುತ್ತದೆ, ಅಡುಗೆ ಅನಿಲದ ಸಿಲಿಂಡರಿಗೆ ಸಾಲು ಬೆಳೆಯುತ್ತದೆ. ಮಾಡಿನಡಿ ತೂಗುವ ಒಣಬದನೆಯ ಸರ ಆ ದಿನ ಮನೆಯ ಮರ್ಯಾದೆ ಉಳಿಸುತ್ತದೆ.

ಈ ಚಳಿಗೆ ಬೆನ್ನು ತೋರಿಸಿ ಹೋಗಬಲ್ಲವರು ಕೆಲವರೇ. ಮಹಾರಾಜ ರಣಬೀರ್ ಸಿಂಗನ ಕಾಲದಲ್ಲಿ, 1872ರಲ್ಲಿ ಶುರುವಾದ ಪದ್ಧತಿಯಂತೆ, ಸರ್ಕಾರವೇ ಕಡತಗಳನ್ನು ಕಟ್ಟಿಕೊಂಡು ಚಳಿಗಾಲಕ್ಕೆ ಜಮ್ಮುವಿಗೆ ಇಳಿದುಹೋಗುತ್ತಿತ್ತು. ಇದಕ್ಕೆ ‘ದರ್ಬಾರ್ ಮೂವ್’ ಎನ್ನುತ್ತಾರೆ. 2021ರಲ್ಲಿ ನಿಂತ ಈ ಪದ್ಧತಿಯನ್ನು 2025ರಲ್ಲಿ ಮತ್ತೆ ಆರಂಭಿಸಲಾಯಿತು. ದರ್ಬಾರು ಹೋಗಬಹುದು, ಹಟ್ಟಿಯಲ್ಲಿ ಹಸು ಕಟ್ಟಿಕೊಂಡವರು ಎಲ್ಲಿಗೆ ಹೋದಾರು?

ಒಂದು ದಿನದ ಸಣ್ಣ ಕೆಲಸಗಳು

ಹಾಗಾದರೆ ಆ ಎಪ್ಪತ್ತು ದಿನಗಳನ್ನು ಜನ ಕಳೆಯುವುದು ಹೇಗೆ? ಉತ್ತರ ಸರಳ: ಸಣ್ಣಪುಟ್ಟ ಕೆಲಸಗಳಿಂದ. ನಮ್ಮಲ್ಲಿ ಕಣ್ಣು ಮುಚ್ಚಿ ಮಾಡಿಬಿಡುವ ಕೆಲಸಗಳು ಅಲ್ಲಿ ಒಂದೊಂದೂ ಒಂದು ಏರ್ಪಾಡು.

ಮೊದಲನೆಯದು ಕಾಂಗ್ರಿ ತುಂಬುವುದು. ಕಾಂಗ್ರಿ ಎಂದರೆ ಕೈಯಲ್ಲಿ ಹಿಡಿದು ಓಡಾಡುವ ಅಗ್ಗಿಷ್ಟಿಕೆ. ಒಳಗೆ ಮಣ್ಣಿನ ಕುಡಿಕೆ, ಹೊರಗೆ ಕಡ್ಡಿಗಳಿಂದ ಹೆಣೆದ ಹಿಡಿಕೆಯುಳ್ಳ ಬುಟ್ಟಿ. ಕುಂಬಾರನೂ ಬುಟ್ಟಿ ಹೆಣೆಯುವವನೂ ಕೂಡಿದರೆ ಒಂದು ಕಾಂಗ್ರಿ. ಚರಾರ್‌–ಎ–ಶರೀಫ್ ಊರಿನ ಕಾಂಗ್ರಿಗೆ ಕಣಿವೆಯಲ್ಲೆಲ್ಲ ಹೆಸರಿದೆ. ಕುಡಿಕೆಯ ತಳಕ್ಕೆ ಇದ್ದಿಲು, ಅದರ ಮೇಲೆ ಕೆಂಡ, ಕೆಂಡದ ಮೇಲೆ ತೆಳ್ಳಗೆ ಬೂದಿ. ಬೂದಿ ಗಾಳಿಯನ್ನು ತಡೆಯುವುದರಿಂದ ಇದ್ದಿಲು ಒಮ್ಮೆಲೇ ಉರಿಯದೆ ಗಂಟೆಗಟ್ಟಲೆ ಕನಲುತ್ತದೆ. ಕಾವು ಕಡಿಮೆಯಾಯಿತೆನಿಸಿದರೆ ಬುಟ್ಟಿಗೆ ದಾರದಿಂದ ಕಟ್ಟಿರುವ ಪುಟ್ಟ ಸಟ್ಟುಗದಿಂದ ಕೆದಕಬೇಕು. ‘ಫೆರನ್’ ಎಂಬ ಸಡಿಲವಾದ ಉಣ್ಣೆಯ ನಿಲುವಂಗಿಯ ಒಳಗೆ ಅದನ್ನು ಹಿಡಿದು, ಕೈಗಳನ್ನೂ ಒಳಗೆಳೆದುಕೊಂಡರೆ ತೋಳುಗಳು ಖಾಲಿಯಾಗಿ ತೂಗಾಡುತ್ತವೆ. ಹೊರಗಿನವರಿಗೆ ಅದು ವಿಚಿತ್ರ ದೃಶ್ಯ, ಅವರಿಗೆ ನಡೆದಾಡುವ ಒಲೆ. ಮುಂಜಾನೆ ಎದ್ದು ಮನೆಯವರಿಗೆಲ್ಲ ಒಂದೊಂದು ಕಾಂಗ್ರಿ ಸಿದ್ಧಮಾಡಿ ಕೊಡುವುದು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ ಪಾಲಿನ ಕೆಲಸ. ಅಜ್ಜನಿಗೆ, ಅಜ್ಜಿಗೆ, ಶಾಲೆಗೆ ರಜೆ ಎಂದು ಮನೆಯಲ್ಲೇ ಕುಳಿತ ಮಕ್ಕಳಿಗೆ. ಎಲ್ಲರ ಕೈ ಬೆಚ್ಚಗಾದ ಮೇಲೆ ಆಕೆಯ ಸರದಿ.

ಎರಡನೆಯದು ನಲ್ಲಿ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಕಬ್ಬಿಣದ ಕೊಳವೆಯೂ ಅದಕ್ಕೆ ಬಿರಿಯುತ್ತದೆ. ಆದ್ದರಿಂದ ರಾತ್ರಿ ನಲ್ಲಿಯನ್ನು ಪೂರ್ತಿ ಮುಚ್ಚದೆ ಹನಿ ಬೀಳಲು ಬಿಡುವುದು, ಕೊಳವೆಗೆ ಗೋಣಿತಾಟು ಸುತ್ತುವುದು, ಬೆಳಗ್ಗೆ ಬಿಸಿನೀರು ಸುರಿದು ಅದನ್ನು ಎಬ್ಬಿಸುವುದು. ಕೆಟಲಿಗೆ ನೀರು ತುಂಬಿಸುವ ಮುನ್ನ ನಲ್ಲಿಯ ಸೇವೆ ಆಗಬೇಕು. ಆ ಬಿಸಿನೀರಿಗೆ ನೀರು ಹಿಂದಿನ ರಾತ್ರಿಯೇ ನೆನಪಿಟ್ಟು ಹಿಡಿದಿಟ್ಟಿರಬೇಕು.

ಮೂರನೆಯದು ರೊಟ್ಟಿ ತರುವುದು. ಕಾಶ್ಮೀರಿಗಳ ಊಟ ಅನ್ನವಾದರೂ ಬೆಳಗಿನ ಉಪಾಹಾರ ರೊಟ್ಟಿ, ಅದೂ ಮನೆಯಲ್ಲಿ ಮಾಡಿದ್ದಲ್ಲ. ಪ್ರತಿ ಕೇರಿಗೂ ಒಬ್ಬ ‘ಕಾಂದುರ್’ ಇರುತ್ತಾನೆ, ರೊಟ್ಟಿ ಸುಡುವವನು. ಬೆಳಕು ಹರಿಯುವ ಮುನ್ನವೇ ಅವನ ತಂದೂರು ಒಲೆ ಕೆಂಪಾಗಿರುತ್ತದೆ. ಬೆಳಗ್ಗೆ ‘ಗಿರ್ದಾ’, ‘ಲವಾಸಾ’, ಸಂಜೆಗೆ ಎಳ್ಳು ಹಚ್ಚಿದ ಸಣ್ಣ ರೊಟ್ಟಿ. ಹಿಮ ಮೊಣಕಾಲಿನವರೆಗೆ ಬಿದ್ದಿದ್ದರೂ ಯಾರಾದರೊಬ್ಬರು ಬಟ್ಟೆಯೊಂದನ್ನು ಹಿಡಿದು ಅಲ್ಲಿಗೆ ಹೋಗಿಬರಲೇಬೇಕು. ಹಿಂದೆ ಇಂಥ ಓಡಾಟಕ್ಕೆ ಭತ್ತದ ಹುಲ್ಲಿನಿಂದ ಹೆಣೆದ ಪಾದರಕ್ಷೆಗಳಿದ್ದವು. ಹಿಮದಲ್ಲಿ ಅವು ಜಾರುತ್ತಿರಲಿಲ್ಲ, ಸವೆದರೆ ಎಸೆಯಬಹುದಿತ್ತು.

ನಮ್ಮೂರಿನ ಅರಳಿಕಟ್ಟೆ ಮಾಡುವ ಕೆಲಸವನ್ನು ಕಾಂದುರನ ಅಂಗಡಿ ಮಾಡುತ್ತದೆ. ಒಲೆಯ ಬಿಸಿಗೆ ಮುಖವೊಡ್ಡಿ ನಿಂತವರು ಯಾರ ಮನೆಯಲ್ಲಿ ಕಾಯಿಲೆ, ದಾರಿ ತೆರೆಯಿತೇ, ರಾತ್ರಿ ಎಷ್ಟು ಹೊತ್ತು ಕರೆಂಟು ಹೋಗಿತ್ತು ಎಂದು ವಿಚಾರಿಸಿಕೊಳ್ಳುತ್ತಾರೆ. ಎರಡು ದಿನ ಯಾವುದಾದರೂ ಮನೆಯಿಂದ ರೊಟ್ಟಿಗೆ ಯಾರೂ ಬರದಿದ್ದರೆ ಅದು ತಾನಾಗಿ ಜನರ ಗಮನಕ್ಕೆ ಬರುತ್ತದೆ. ಬಾಗಿಲು ಮುಚ್ಚಿಕೊಂಡ ಊರಿಗೆ ಇಂಥದ್ದೊಂದು ನೆಪ ಬೇಕು.

ಬಿಸಿ ರೊಟ್ಟಿ ಮನೆಗೆ ಬಂದ ಮೇಲೆ ‘ನೂನ್ ಚಾಯ್’. ಹಸಿರು ಚಹಾ ಎಲೆಯನ್ನು ಸೋಡಾ ಹಾಕಿ ಬಹಳ ಹೊತ್ತು ಕುದಿಸಿ, ಹಾಲು ಮತ್ತು ಉಪ್ಪು ಸೇರಿಸಿದ ಗುಲಾಬಿ ಬಣ್ಣದ ಚಹಾ. ಶ್ರೀನಗರದ ಹಳೆಯ ಪೇಟೆಯಲ್ಲಿ ಚಳಿಗಾಲದ ಬೆಳಗಿಗೆ ಇನ್ನೊಂದು ಕೆಲಸವುಂಟು: ಹರೀಸಾ ತರುವುದು. ಕುರಿಮಾಂಸವನ್ನೂ ಅಕ್ಕಿಯನ್ನೂ ಸೋಂಪು, ದಾಲ್ಚಿನ್ನಿಗಳೊಂದಿಗೆ ರಾತ್ರಿಯಿಡೀ ಬೇಯಿಸಿ, ಮರದ ಕೋಲಿನಿಂದ ಅರೆದು ಮಾಡುವ ಈ ಖಾದ್ಯ ಬೆಳಗಾಗುತ್ತಲೇ ಖಾಲಿಯಾಗುತ್ತದೆ. ಮದುವೆಯಾಗಿ ಹೋದ ಮಗಳ ಮನೆಗೆ ಹರೀಸಾ ಕಳಿಸುವ ವಾಡಿಕೆ ಇಂದಿಗೂ ಇದೆ. ತವರಿನ ನೆನಪು ಅಲ್ಲಿ ಬಿಸಿ ಪಾತ್ರೆಯಲ್ಲಿ ಹೋಗುತ್ತದೆ.

ಇನ್ನು ಕರೆಂಟಿನ ವಿಷಯ. ಕಣಿವೆಯ ವಿದ್ಯುತ್ತಿನ ಬಹುಪಾಲು ನದಿಗಳಿಂದ ಬರುವಂಥದ್ದು. ಚಳಿಗಾಲದಲ್ಲಿ ಮೇಲಿನ ನೀರೆಲ್ಲ ಹಿಮವಾಗಿ ನಿಲ್ಲುವುದರಿಂದ ನದಿಗಳು ಬಡವಾಗುತ್ತವೆ. ಮನೆಮನೆಯಲ್ಲೂ ಹೀಟರ್ ಹಚ್ಚುವ ಹೊತ್ತಿಗೇ ಉತ್ಪಾದನೆ ಕುಗ್ಗುತ್ತದೆ. ಹೀಗಾಗಿ ಕರೆಂಟು ಹೋಗುವ ವೇಳಾಪಟ್ಟಿಯೂ ಚಳಿಗಾಲದ ಪಂಚಾಂಗದ ಒಂದು ಭಾಗ. ಎಷ್ಟೇ ಹೊಸ ಯಂತ್ರಗಳು ಬಂದರೂ ಕಾಂಗ್ರಿ ಮೂಲೆ ಸೇರದಿರುವುದಕ್ಕೆ ಇದೇ ಮುಖ್ಯ ಕಾರಣ. ಇದ್ದಿಲಿಗೆ ತಂತಿ ಬೇಕಾಗಿಲ್ಲ.

ಕಾವಿನ ಬೆಲೆ

ಆದರೆ ಕಾಂಗ್ರಿಯನ್ನು ಬರೀ ಹೊಗಳಿದರೆ ಅರ್ಧ ಸತ್ಯ ಹೇಳಿದಂತೆ. ವರ್ಷಗಟ್ಟಲೆ ಹೊಟ್ಟೆಯ ಕೆಳಭಾಗಕ್ಕೂ ತೊಡೆಗೂ ತಾಗುವ ಕಾವು ಚರ್ಮದಲ್ಲಿ ಕಂದು ಬಣ್ಣದ ಬಲೆಯಂಥ ಕಲೆ ಮೂಡಿಸುತ್ತದೆ. ಕೆಲವರಲ್ಲಿ ಅದು ಮುಂದೆ ಕ್ಯಾನ್ಸರ್ ಆಗುತ್ತದೆ. ಕಾಶ್ಮೀರದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ಎಲ್ಮ್‌ಸ್ಲಿ 1866ರಲ್ಲೇ ಇದನ್ನು ಗುರುತಿಸಿ ಬರೆದರು. ಆಮೇಲೆ ಶ್ರೀನಗರದ ಮಿಷನ್ ಆಸ್ಪತ್ರೆಯ ಶಸ್ತ್ರವೈದ್ಯ ಅರ್ನೆಸ್ಟ್ ನೀವ್ ಇಂಥ ಅನೇಕ ರೋಗಿಗಳನ್ನು ಕಂಡು, ಸತತವಾದ ಕಾವಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಜಗತ್ತಿಗೆ ತಿಳಿಸಿದರು. ವೈದ್ಯಗ್ರಂಥಗಳಲ್ಲಿ ಇಂದಿಗೂ ಅದು ‘ಕಾಂಗ್ರಿ ಕ್ಯಾನ್ಸರ್’.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಕಿಟಕಿ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಇದ್ದಿಲಾಗಲಿ ಅನಿಲದ ಹೀಟರಾಗಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವಾಗುವುದೇ ಇಲ್ಲ. ಹಿಂದಿನ ಮನೆಗಳ ಮರದ ಜಾಲಂದರಗಳಿಗೆ ಚಳಿಗಾಲದಲ್ಲಿ ಕಾಗದ ಅಂಟಿಸುತ್ತಿದ್ದರು. ಚಳಿ ತಡೆದರೂ ಎಲ್ಲೋ ಒಂದು ಸಂದಿಯಲ್ಲಿ ಗಾಳಿಯಾಡುತ್ತಿತ್ತು. ಸಿಮೆಂಟು, ಗಾಜಿನ ಹೊಸ ಮನೆಗಳಲ್ಲಿ ಆ ಸಂದಿಯೂ ಇಲ್ಲ. ಆದ್ದರಿಂದ ಮಲಗುವ ಮುನ್ನ ಕಾಂಗ್ರಿಯನ್ನು ಹೊರಗಿಡುವುದು, ಕಿಟಕಿಯನ್ನು ಬೆರಳಗಲ ತೆರೆಯುವುದು ಕೂಡ ದಿನದ ಸಣ್ಣ ಕೆಲಸಗಳಲ್ಲಿ ಒಂದು. ಅದನ್ನು ಮರೆತರೆ ಜೀವವೇ ಹೋಗುತ್ತದೆ.

ಮೊದಲ ಹಿಮ, ಯಕ್ಷನ ಖಿಚಡಿ

ಬೇಸರ ಕಳೆಯುವುದಕ್ಕೂ ಅಲ್ಲಿ ಉಪಾಯಗಳಿವೆ. ವರ್ಷದ ಮೊದಲ ಹಿಮ ಬಿದ್ದ ದಿನ ಒಬ್ಬರಿಗೊಬ್ಬರು ಶುಭಾಶಯ ಹೇಳುವುದು, ಜೊತೆಗೊಂದು ತಮಾಷೆ ಮಾಡುವುದು ಹಳೆಯ ರೂಢಿ. ಚೂರು ಹಿಮವನ್ನು ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ, ಏನೋ ಸಾಮಾನು ಎಂಬಂತೆ ನೆಂಟರ ಕೈಗೆ ದಾಟಿಸುವುದು. ತಿಳಿಯದೆ ತೆಗೆದುಕೊಂಡವರು ಸೋತಂತೆ, ಅವರು ಔತಣ ಕೊಡಬೇಕು. ನಮ್ಮ ಏಪ್ರಿಲ್ ಮೂರ್ಖರ ದಿನಕ್ಕಿಂತ ಇದು ಎಷ್ಟೋ ಮೇಲು. ಇಲ್ಲಿ ಸೋತವನ ಮನೆಯಲ್ಲಿ ಎಲ್ಲರಿಗೂ ಊಟ.

ಪಂಡಿತರ ಮನೆಗಳಲ್ಲಿ ಚಳಿಗಾಲದ ನಡುವೆ ಬರುವ ಅಮಾವಾಸ್ಯೆಯೊಂದಿದೆ, ‘ಖೆಚ್ರಿ ಮಾವಸ್’. ಅಂದು ಸಂಜೆ ಖಿಚಡಿ ಮಾಡಿ, ಒಂದಿಷ್ಟನ್ನು ಮನೆಯ ಹೊರಗೋಡೆಯ ಮೇಲೆ ಯಕ್ಷನಿಗೆಂದು ಇಡುತ್ತಾರೆ. ಆ ರಾತ್ರಿ ಬೆಟ್ಟದಿಂದ ಇಳಿದುಬರುವ ಯಕ್ಷನ ಟೋಪಿಯನ್ನು ಕಸಿದು ಬಚ್ಚಿಟ್ಟರೆ ಅವನು ನಮ್ಮ ಆಳಾಗುತ್ತಾನೆ ಎಂದು ಮಕ್ಕಳಿಗೆ ಕಥೆ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಅದು ಪೌಷ ಮಾಸದ ಅಮಾವಾಸ್ಯೆ. ತಿಂಗಳೆಣಿಸುವ ಪದ್ಧತಿ ಬೇರೆಯಾದ್ದರಿಂದ ನಮಗೆ ಅದು ಮಾರ್ಗಶಿರದ ಕೊನೆಯ ದಿನ, ಅಂದರೆ ಎಳ್ಳಮಾವಾಸ್ಯೆ. ಉತ್ತರ ಕರ್ನಾಟಕದ ರೈತ ಹೊಲದಲ್ಲಿ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸುವ ದಿನವೇ ಅಲ್ಲಿ ಹಿಮದ ಗೋಡೆಯ ಮೇಲೆ ಯಕ್ಷನಿಗೆ ಅನ್ನ. 1990ರಲ್ಲಿ, ಅದೂ ಚಿಲ್ಲಾಯಿ ಕಲಾನಿನ ದಿನಗಳಲ್ಲಿ, ಪಂಡಿತ ಕುಟುಂಬಗಳು ಕಣಿವೆ ಬಿಟ್ಟು ಹೊರಡತೊಡಗಿದವು. ಬಹುಪಾಲು ಜನ ಹಿಂತಿರುಗಲಾಗಲಿಲ್ಲ. ಜಮ್ಮುವಿನ, ದೆಹಲಿಯ ಮನೆಗಳಲ್ಲಿ ಇಂದು ಗೋಡೆಯಿದೆ, ಖಿಚಡಿಯಿದೆ, ಹಿಮವಿಲ್ಲ.

ಬೇಸರದ ಅತಿಥಿ ಬಾರದಿದ್ದರೆ?

ಕಾಲ ಬದಲಾಗಿದೆ. 2021ರಲ್ಲಿ ಬನಿಹಾಲ್ ಮತ್ತು ಕಾಜಿಗುಂಡ್ ನಡುವೆ ಸುಮಾರು ಎಂಟೂವರೆ ಕಿಲೋಮೀಟರಿನ ಹೊಸ ಸುರಂಗ ತೆರೆಯಿತು. 2025ರ ಜೂನ್ ತಿಂಗಳಲ್ಲಿ ಚಿನಾಬ್ ನದಿಯ ಮೇಲಿನ ಎತ್ತರದ ಸೇತುವೆಯನ್ನು ದಾಟಿ ಕಟ್ರಾದಿಂದ ಶ್ರೀನಗರಕ್ಕೆ ರೈಲು ಓಡತೊಡಗಿತು. ಜನವರಿಯಲ್ಲೂ ಹಸಿ ತರಕಾರಿ ಸಿಗುತ್ತದೆ. ಒಣಬದನೆಯ ಸರವನ್ನು ಈಗ ಅಗತ್ಯಕ್ಕಿಂತ ಹೆಚ್ಚಾಗಿ ರುಚಿಗಾಗಿ, ನೆನಪಿಗಾಗಿ ಕೊಳ್ಳುವವರು ಅನೇಕರು. ಬೆರಳು ಕೊರೆಯುವ ಕೆಲಸಗಳು ಕಡಿಮೆಯಾದರೆ ಹೆಂಗಸರಿಗೆ ಸಿಗುವ ಬಿಡುವನ್ನು ಯಾರೂ ಅಲ್ಲಗಳೆಯಲಾರರು. ಹಳೆಯದೆಲ್ಲ ಚೆನ್ನಾಗಿತ್ತೆಂದು ಹೇಳುವವರು ಸಾಮಾನ್ಯವಾಗಿ ಕಾಂಗ್ರಿ ತುಂಬಿದವರಲ್ಲ, ತುಂಬಿದ ಕಾಂಗ್ರಿಯನ್ನು ಪಡೆದವರು.

ಆದರೆ ಇನ್ನೊಂದು ಬದಲಾವಣೆ ಯಾರಿಗೂ ಬೇಕಾಗಿರಲಿಲ್ಲ. 2024ರ ಜನವರಿಯಲ್ಲಿ ಚಿಲ್ಲಾಯಿ ಕಲಾನಿನ ಹೆಚ್ಚಿನ ದಿನಗಳು ಹಿಮವಿಲ್ಲದೆ ಕಳೆದವು. ಹಿಮದ ಆಟಕ್ಕೆ ಹೆಸರಾದ ಗುಲ್ಮಾರ್ಗಿನ ಇಳಿಜಾರುಗಳು ಕಂದು ಹುಲ್ಲು ತೋರಿಸಿ ಮಲಗಿದ್ದವು. ಜನ ಹಿಮಕ್ಕಾಗಿ ಪ್ರಾರ್ಥನೆ ಸಲ್ಲಿಸಿದರು. ಹಿಮ ಎಂದರೆ ಬೆಟ್ಟದ ಮೇಲೆ ಕೂಡಿಟ್ಟ ನೀರು. ಚಿಲ್ಲಾಯಿ ಕಲಾನಿನಲ್ಲಿ ಬಿದ್ದ ಹಿಮ ಗಟ್ಟಿಯಾಗಿ ನಿಂತು, ಬೇಸಗೆಯವರೆಗೂ ಸ್ವಲ್ಪಸ್ವಲ್ಪವೇ ಕರಗಿ, ಚಿಲುಮೆಗಳಿಗೂ ಭತ್ತದ ಗದ್ದೆಗೂ ಸೇಬಿನ ತೋಟಕ್ಕೂ ಹರಿಯುತ್ತದೆ. ತಡವಾಗಿ ಫೆಬ್ರವರಿ–ಮಾರ್ಚಿನಲ್ಲಿ ಬಿದ್ದ ಹಿಮಕ್ಕೆ ಆ ಬಾಳಿಕೆಯಿಲ್ಲ. ಎಪ್ಪತ್ತು ದಿನ ಗೊಣಗುತ್ತ ಸೇವೆ ಮಾಡಿಸಿಕೊಂಡ ಆ ನೆಂಟ ಹೋಗುವಾಗ ವರ್ಷದ ಅನ್ನವನ್ನು ಇಟ್ಟುಹೋಗುತ್ತಿದ್ದ ಎಂಬುದು ಅವನು ಬಾರದ ವರ್ಷ ತಿಳಿಯಿತು.

ಚಳಿ ಹೋಗುತ್ತದೆ, ಹಿಮ ಕರಗುತ್ತದೆ, ವಸಂತ ಬಂದೇ ಬರುತ್ತದೆ ಎಂಬರ್ಥದ ಮಾತೊಂದು ಕಾಶ್ಮೀರಿಗಳ ಬಾಯಲ್ಲಿ ಸದಾ ಇರುತ್ತದೆ. ಮನೆಯಲ್ಲಿ ಕಾಯಿಲೆಯಿದ್ದಾಗ, ಊರಲ್ಲಿ ಗಲಭೆಯಾದಾಗ, ಯಾವ ಕಷ್ಟಕ್ಕಾದರೂ ಅದನ್ನೇ ಹೇಳುತ್ತಾರೆ. ಆದರೆ ಆ ಮಾತು ಹೇಳುವವರು ಸುಮ್ಮನೆ ಕುಳಿತಿರುವುದಿಲ್ಲ. ನಲ್ಲಿಗೆ ಬಿಸಿನೀರು ಸುರಿಯುತ್ತಾರೆ, ಮಾಡಿನ ಹಿಮ ಎಳೆದುಹಾಕುತ್ತಾರೆ, ಕಾಂದುರನ ಅಂಗಡಿಗೆ ಹೋಗಿಬರುತ್ತಾರೆ. ಎಪ್ಪತ್ತು ದಿನಗಳ ಚಳಿಯನ್ನು ಒಟ್ಟಾಗಿ ಹೊರಲು ಯಾರಿಂದಲೂ ಆಗದು. ಇವತ್ತಿನ ರೊಟ್ಟಿ, ಇವತ್ತಿನ ಕೆಂಡ ಎಂದು ಬಿಡಿಬಿಡಿಯಾಗಿ ಹೊತ್ತರೆ ಅದು ಸಾಗುತ್ತದೆ.

ಮರಿ ಚಿಲ್ಲಾ ಹೊರಡುವ ಆಸುಪಾಸಿನಲ್ಲೇ ಪಂಡಿತರ ದೊಡ್ಡ ಹಬ್ಬ ‘ಹೇರತ್’ ಬರುತ್ತದೆ. ನೀರು ತುಂಬಿದ ಕೊಡದಲ್ಲಿ ಅಕ್ರೋಟು ಕಾಯಿ ನೆನೆಹಾಕಿ ಪೂಜಿಸಿ, ಆಮೇಲೆ ಅವನ್ನು ನೆಂಟರಿಷ್ಟರಿಗೆಲ್ಲ ಹಂಚುತ್ತಾರೆ. ಹೇರತ್ ಎಂದರೆ ಬೇರೇನಲ್ಲ, ಶಿವರಾತ್ರಿ. ಅಲ್ಲಿಯೂ ಚಳಿ ಅದೇ ಹೊತ್ತಿಗೆ ಗಂಟುಮೂಟೆ ಕಟ್ಟುತ್ತದೆ. ‘ಶಿವಶಿವಾ’ ಎಂದು ಹೋಗುವ ಚಳಿಯ ಮಾತು ಎರಡು ಸಾವಿರ ಕಿಲೋಮೀಟರ್ ಆಚೆಗೂ ಸುಳ್ಳಲ್ಲ.